ಕುರಿ ಮೇಕೆಗಳ ತಲೆಸುತ್ತು ರೋಗವೂ ಅದರ ನಿವಾರಣೋಪಾಯಗಳೂ

ಬಯಲುಸೀಮೆಯ ಬೇಸಾಯಗಾರನಿಗೆ ಕುರಿಮಂದೆಯು ಹಲವು ವಿಧದಲ್ಲಿ ಆಧಾರವಾಗಿರುವುದು. ಉಣ್ಣೆ, ಮಾಂಸ, ಚರ್ಮಗಳಿಂದ ಬರತಕ್ಕ ಹಣವು ಒಂದು ಕಡೆಯಾದರೆ, ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಮಂದೆಯನ್ನು ನಿಲ್ಲಿಸಿ ಪಡೆಯುವ ಗೊಬ್ಬರವು ಮತ್ತೊಂದು ಕಡೆ. ಮಳೆ ತಪ್ಪಿ ಬೆಳೆ ಕೈಬಿಟ್ಟ ವರ್ಷದಲ್ಲಿ ನಾಲ್ಕು ಮರಿಗಳನ್ನು ಸಂತೆಗೆ ಹೊಡೆದು ಸಂಸಾರವನ್ನು ಸಾಗಿಸಿಕೊಂಡ ಕುಟುಂಬಗಳು ಪ್ರತಿಯೊಂದು ಗ್ರಾಮದಲ್ಲಿಯೂ ಉಂಟು. ಇಂತಹ ಮಂದೆಯಲ್ಲಿ ಮೈದುಂಬಿ ಬೆಳೆದ ಮರಿಯೊಂದು ಒಂದು ದಿನ ಗುಂಪನ್ನು ಬಿಟ್ಟು ನಿಲ್ಲುತ್ತದೆ, ತಲೆಯನ್ನು ಓರೆಮಾಡಿಕೊಂಡು, ಗಾಣದ ಎತ್ತಿನಂತೆ ಒಂದೇ ಕಡೆಗೆ ಸುತ್ತಲಾರಂಭಿಸುತ್ತದೆ, ಮೇವನ್ನು ಬಿಡುತ್ತದೆ, ಕೆಲವು ವಾರಗಳಲ್ಲಿ ಸೊರಗಿ ಸಾಯುತ್ತದೆ. ಮುಂದಿನ ವರ್ಷವೂ ಅದೇ ಮಂದೆಯಲ್ಲಿ ಮತ್ತೆ ಎರಡು ಮೂರು ಮರಿಗಳು ಇದೇ ದಾರಿಯನ್ನು ಹಿಡಿಯುವುವು. ಇದನ್ನು ಗಾಳಿಯೆಂದೋ, ದೃಷ್ಟಿಯೆಂದೋ, ತಲೆಗೆ ಬಿಸಿಲೇರಿತೆಂದೋ ಹೇಳಿ ಸುಮ್ಮನಾಗುವವರು ಅನೇಕರು. ವಾಸ್ತವದಲ್ಲಿ ಇದು ಮೆದುಳಿನೊಳಗೆ ಬೆಳೆಯತಕ್ಕ ಒಂದು ಹುಳುವಿನ ಕೃತ್ಯ. ಆ ಹುಳುವು ಮಂದೆಗೆ ಬರತಕ್ಕ ದಾರಿಯು ಸ್ಪಷ್ಟವಾಗಿ ತಿಳಿದಿದೆ. ಅದನ್ನು ಮುಚ್ಚುವುದು ಗ್ರಾಮದವರ ಕೈಯಲ್ಲಿಯೇ ಇದೆ.

ರೋಗಕ್ಕೆ ಕಾರಣ

ಈ ರೋಗಕ್ಕೆ ಇಂಗ್ಲಿಷಿನಲ್ಲಿ ‘ಗಿಡ್’ ಎಂದೂ ವೈದ್ಯಶಾಸ್ತ್ರದಲ್ಲಿ ‘ಸೀನ್ಯೂರೋಸಿಸ್’ ಎಂದೂ ಹೆಸರು. ಇದಕ್ಕೆ ಕಾರಣವಾದ ಲಾಡಿಹುಳುವನ್ನು ‘ಟೀನಿಯಾ ಮಲ್ಟಿಸೆಪ್ಸ್’ ಎಂದು ಕರೆಯುವರು. ಈ ಹುಳುವಿಗೆ ಎರಡು ಮನೆಗಳು. ಒಂದು ನಾಯಿಯ ಕರುಳು. ಮತ್ತೊಂದು ಕುರಿ ಅಥವಾ ಮೇಕೆಯ ಮೆದುಳು. ಎರಡು ಮನೆಗಳಲ್ಲಿ ಯಾವುದೊಂದು ತಪ್ಪಿದರೂ ಅದರ ವಂಶವು ಮುಂದುವರಿಯಲಾರದು. ನಿವಾರಣೋಪಾಯಗಳಿಗೆಲ್ಲ ಈ ಸಂಗತಿಯೇ ತಳಹದಿಯಾದುದರಿಂದ ಇದನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು.

ನಾಯಿಯ ಸಣ್ಣ ಕರುಳಿನಲ್ಲಿ ಈ ಹುಳುವು ಒಂದೂವರೆ ಅಡಿಯಿಂದ ಮೂರು ಅಡಿಯವರೆಗೆ ಉದ್ದವಾಗಿ, ಬಿಳಿಯ ಲಾಡಿಯಂತೆ ಬೆಳೆಯುವುದು. ತಲೆಯು ಗುಂಡುಸೂಜಿಯ ತಲೆಗಿಂತ ಚಿಕ್ಕದು. ಅದರಲ್ಲಿರುವ ನಾಲ್ಕು ಹೀರುಬಟ್ಟಲುಗಳಿಂದಲೂ ಎರಡು ಸಾಲು ಕೊಕ್ಕೆಗಳಿಂದಲೂ ಕರುಳಿನ ಗೋಡೆಯನ್ನು ಕಚ್ಚಿ ಹಿಡಿದಿರುವುದು. ಮೈಯು ಅನೇಕ ತುಂಡುಗಳಿಂದ ಕೂಡಿದೆ. ಕೊನೆಯ ತುಂಡುಗಳು ಬಲಿತು ತತ್ತಿಗಳಿಂದ ತುಂಬಿ, ಕಳಚಿಕೊಂಡು, ನಾಯಿಯ ಮಲದೊಡನೆ ಹೊರಗೆ ಬೀಳುವುವು. ಒಂದೊಂದು ತುಂಡಿನಲ್ಲಿಯೂ ಕಣ್ಣಿಗೆ ಕಾಣದಷ್ಟು ಸಣ್ಣವಾದ ಸಾವಿರಾರು ತತ್ತಿಗಳಿರುವುವು. ನಾಯಿಗಾದರೋ ಇದರಿಂದ ಹೇಳಿಕೊಳ್ಳುವಂತಹ ತೊಂದರೆಯೇನೂ ಆಗುವುದಿಲ್ಲ. ಅದು ಎಂದಿನಂತೆ ಮಂದೆಯನ್ನು ಕಾಯುತ್ತ, ಎಂದಿನಂತೆ ಹುಲ್ಲುಗಾವಲಿನಲ್ಲಿ ಓಡಾಡುತ್ತ, ಹೋದಲ್ಲೆಲ್ಲ ತತ್ತಿಗಳನ್ನು ಬಿತ್ತುತ್ತಿರುವುದು.

ಮಳೆಯ ನೀರಿನಿಂದ ತತ್ತಿಗಳು ಹುಲ್ಲಿಗೂ ಗುಂಡಿಯ ನೀರಿಗೂ ಹರಡುವುವು. ತೇವವೂ ತಂಪೂ ಇರುವಲ್ಲಿ ಅವು ತಿಂಗಳುಗಟ್ಟಲೆ ಜೀವದಿಂದಿರಬಲ್ಲುವು. ಕಡು ಬಿಸಿಲಿನಲ್ಲಿಯೂ ಒಣ ನೆಲದಲ್ಲಿಯೂ ಬೇಗ ಸಾಯುವುವು. ಕುರಿ ಮೇಕೆಗಳು ಹುಲ್ಲಿನೊಡನೆ ತತ್ತಿಯನ್ನು ನುಂಗಿದಾಗ ಅದು ಕರುಳಿನಲ್ಲಿ ಒಡೆದು, ಆರು ಕೊಕ್ಕೆಗಳುಳ್ಳ ಸೂಕ್ಷ್ಮವಾದ ಮರಿಯು ಹೊರಬಂದು, ಕರುಳಿನ ಗೋಡೆಯನ್ನು ಕೊರೆದು ರಕ್ತವನ್ನು ಸೇರುವುದು. ರಕ್ತದೊಡನೆ ದೇಹವನ್ನೆಲ್ಲ ಸುತ್ತುವ ಈ ಮರಿಗಳಲ್ಲಿ ಬಹುಪಾಲು ನಾಶವಾಗುವುವು. ಮೆದುಳು ಅಥವಾ ಬೆನ್ನುಹುರಿಯನ್ನು ತಲಪಿದವು ಮಾತ್ರ ಅಲ್ಲಿ ನೆಲೆಯೂರಿ ನೀರಿನ ಚೀಲದಂತೆ ಬೆಳೆಯುವುವು. ಮೇಕೆಗಳಲ್ಲಿ ಇಂತಹ ಚೀಲಗಳು ಮೆದುಳಿನಲ್ಲಿ ಮಾತ್ರವಲ್ಲದೆ ಮಾಂಸಖಂಡಗಳಲ್ಲಿಯೂ ಚರ್ಮದ ಕೆಳಗೂ ಕಂಡುಬರುವುದುಂಟು. ಪೂರ್ಣವಾಗಿ ಬೆಳೆದ ಚೀಲವು ಕೋಳಿಮೊಟ್ಟೆಯಷ್ಟು ದಪ್ಪವಾಗಿ, ತೆಳುವಾದ ಪೊರೆಯೊಳಗೆ ತಿಳಿನೀರನ್ನು ತುಂಬಿಕೊಂಡಿರುವುದು. ಪೊರೆಯ ಒಳಮೈಯಲ್ಲಿ ರಾಗಿಯ ಕಾಳುಗಳನ್ನು ಅಂಟಿಸಿದಂತೆ ಬಿಳಿಯ ಚುಕ್ಕೆಗಳು ಗುಂಪುಗುಂಪಾಗಿ ಕಾಣುವುವು. ಈ ಒಂದೊಂದು ಚುಕ್ಕೆಯೂ ಒಂದೊಂದು ಲಾಡಿಹುಳುವಿನ ತಲೆ. ಒಂದೇ ಚೀಲದಲ್ಲಿ ಇಂತಹ ತಲೆಗಳು ನೂರಾರು ಇರುವುವು. ಸತ್ತ ಅಥವಾ ಕಡಿದ ಕುರಿಯ ತಲೆಯನ್ನು ನಾಯಿಯು ತಿಂದಾಗ ಈ ನೂರಾರು ತಲೆಗಳಲ್ಲಿ ಅನೇಕವು ಅದರ ಕರುಳಿನಲ್ಲಿ ಕಚ್ಚಿಕೊಂಡು ನೂತನ ಹುಳುಗಳಾಗುವುವು. ಹೀಗೆ ಚಕ್ರವು ಪೂರ್ತಿಯಾಗುವುದು.

ಈ ಸಂಗತಿಯು ತಿಳಿದುಬಂದ ಬಗೆ

ಕುರಿಯ ಮೆದುಳಿನಲ್ಲಿ ನೀರಿನ ಚೀಲವಿರುವುದನ್ನು ಕುರಿ ಸಾಕುವವರು ಬಹು ಹಿಂದಿನಿಂದ ಕಂಡಿದ್ದರು. ೧೭೮೦ರಲ್ಲಿ ಜರ್ಮನಿಯ ಲೆಸ್ಕೆ ಎಂಬ ವಿದ್ವಾಂಸನು ಕುರಿಗಳ ಸುತ್ತುವಿಕೆಯನ್ನು ಕುರಿತು ಒಂದು ಗ್ರಂಥವನ್ನು ಬರೆದು, ಆ ಚೀಲವು ಲಾಡಿಹುಳುವಿನ ಜಾತಿಗೆ ಸೇರಿದ ಜೀವಿಯೆಂದು ತೋರಿಸಿದನು. ಆದರೂ ಅದು ಎಲ್ಲಿಂದ ಬಂದಿತೆಂಬುದು ಯಾರಿಗೂ ತಿಳಿಯಲಿಲ್ಲ. ೧೮೫೦ರ ದಶಕದಲ್ಲಿ ಅದೇ ದೇಶದ ಕ್ಯೂಖೆನ್‌ಮೈಸ್ಟರ್ ಎಂಬ ವೈದ್ಯನು ಈ ಚೀಲಗಳನ್ನು ನಾಯಿಗಳಿಗೆ ತಿನ್ನಿಸಿ ಅವುಗಳ ಕರುಳಿನಲ್ಲಿ ಲಾಡಿಹುಳುಗಳು ಬೆಳೆದುದನ್ನು ಕಂಡನು. ಬಳಿಕ ಆ ಹುಳುಗಳ ಬಲಿತ ತುಂಡುಗಳನ್ನು ಕುರಿಗಳಿಗೆ ತಿನ್ನಿಸಲಾಗಿ ಅವುಗಳಿಗೆ ತಲೆಸುತ್ತು ರೋಗವು ತಗಲಿತು. ನಾಯಿಯ ಹುಳುವೂ ಕುರಿಯ ಚೀಲವೂ ಒಂದೇ ಜೀವಿಯ ಎರಡು ಅವಸ್ಥೆಗಳೆಂಬುದು ಹೀಗೆ ಸಂದೇಹವಿಲ್ಲದೆ ಸ್ಥಿರಪಟ್ಟಿತು.

ಕಾರಣವು ಕಣ್ಣಿಗೆ ಬೀಳದಿರುವುದೇಕೆ

ಚಪ್ಪೆರೋಗ, ಗಂಟಲುಬೇನೆ ಮೊದಲಾದವುಗಳಂತೆ ಈ ರೋಗವು ಒಂದೆರಡು ದಿನಗಳಲ್ಲಿ ಫಲವನ್ನು ತೋರಿಸುವುದಿಲ್ಲ. ಕಾರಣಕ್ಕೂ ಕಾರ್ಯಕ್ಕೂ ನಡುವೆ ಬಹುಮಟ್ಟಿಗೆ ಒಂದು ವರ್ಷದ ಅಂತರವಿರುವುದು. ಇದನ್ನು ಒಂದು ನಿದರ್ಶನದಿಂದ ತಿಳಿಯಬಹುದು.

ಯುಗಾದಿಯ ಸಮಯದಲ್ಲಿ ರೋಗದ ಕುರಿಯೊಂದನ್ನು ಕಡಿದು, ಅದರ ತಲೆಯನ್ನು ಒಡೆದು ಮೆದುಳನ್ನು ನಾಯಿಗೆ ಎಸೆದರೆಂದು ಭಾವಿಸೋಣವಾಗಲಿ. ಸುಮಾರು ಆರು ವಾರಗಳಲ್ಲಿ, ಎಂದರೆ ಮುಂಗಾರು ಮಳೆಯು ಬೀಳುವ ಹೊತ್ತಿಗೆ, ನಾಯಿಯ ಕರುಳಿನ ಹುಳುಗಳು ಬಲಿತು ತತ್ತಿಗಳನ್ನು ಹೊರಹಾಕಲಾರಂಭಿಸುವುವು. ಹೊಸ ಹುಲ್ಲು ಚಿಗುರುವ ಕಾಲವೂ ಅದೇ. ಎಳೆಯ ಮರಿಗಳು ಮೇಯಲು ಕಲಿಯುವ ಕಾಲವೂ ಅದೇ. ಮರಿಗಳು ಹುಲ್ಲಿನೊಡನೆ ತತ್ತಿಗಳನ್ನು ನುಂಗುವುವು. ಚೀಲವು ಮೆದುಳಿನೊಳಗೆ ನಿಧಾನವಾಗಿ ಬೆಳೆಯುತ್ತ ಹೋಗಿ, ಕಾರ್ತಿಕಮಾಸದಿಂದ ಸಂಕ್ರಾಂತಿಯವರೆಗಿನ ಅವಧಿಯಲ್ಲಿ ಮರಿಗಳು ಸುತ್ತಲಾರಂಭಿಸುವುವು. ಸತ್ತಾವೆಂಬ ಭಯದಿಂದ ಯಜಮಾನನು ಅವುಗಳನ್ನು ಬಂದಷ್ಟಕ್ಕೆ ಮಾರುವನು ಅಥವಾ ಮನೆಯಲ್ಲಿಯೇ ಕಡಿಸುವನು. ತಲೆಗಳು ಮತ್ತೆ ನಾಯಿಯ ಪಾಲಾಗುವುವು. ಮತ್ತೊಂದು ಯುಗಾದಿಯು ಬರುವುದರೊಳಗೆ ಮತ್ತೊಂದು ವರ್ಷದ ರೋಗಕ್ಕೆ ಬಿತ್ತನೆಯಾಗಿ ಹೋಗಿರುವುದು. ಹಿಂದಿನ ಯುಗಾದಿಯಲ್ಲಿ ನಾಯಿಗೆ ಎಸೆದ ತಲೆಗೂ ಈ ಸಂಕ್ರಾಂತಿಯಲ್ಲಿ ಸುತ್ತುವ ಮರಿಗೂ ಸಂಬಂಧವುಂಟೆಂದು ಯಾರ ಮನಸ್ಸಿಗೆ ತಾನೇ ಹೊಳೆದೀತು? ಈ ರೋಗದ ಬಲವೆಲ್ಲವೂ ಈ ವಿಳಂಬದಲ್ಲಿಯೇ ಅಡಗಿದೆ.

ಲಕ್ಷಣಗಳು

ರೋಗವು ಹೆಚ್ಚಾಗಿ ಆರು ತಿಂಗಳಿಂದ ಎರಡು ವರ್ಷ ವಯಸ್ಸಿನ ಮರಿಗಳಲ್ಲಿ ಕಂಡುಬರುವುದು. ಇದರಲ್ಲಿ ಎರಡು ಹಂತಗಳುಂಟು.

ಮೊದಲನೆಯದು ಹುಳುವಿನ ಮರಿಗಳು ಮೆದುಳಿನಲ್ಲಿ ಕೊರೆದುಕೊಂಡು ಹೋಗುವ ಹಂತ. ಎಳೆಯ ಮರಿಯು ಬಹಳ ತತ್ತಿಗಳನ್ನು ಒಂದೇ ಸಲಕ್ಕೆ ನುಂಗಿದ್ದರೆ ಎರಡು ಮೂರು ವಾರಗಳೊಳಗೆ ಜ್ವರ, ಮಂಕು, ತತ್ತರಿಸುವಿಕೆ, ಸೆಳವು ಮೊದಲಾದವು ತೋರಿ ಕೆಲವು ದಿನಗಳಲ್ಲಿಯೇ ಸಾಯಬಹುದು. ತತ್ತಿಗಳು ಕೆಲವೇ ಆಗಿದ್ದರೆ ಈ ಹಂತವು ಯಾರ ಗಮನಕ್ಕೂ ಬಾರದೆ ಕಳೆದುಹೋಗುವುದು. ಮರಿಯು ಆರೋಗ್ಯವಾಗಿರುವಂತೆಯೇ ಕಾಣುವುದು.

ಎರಡನೆಯದು ಚೀಲವು ಬೆಳೆದು ಮೆದುಳನ್ನು ಒತ್ತುವ ಹಂತ. ಚೀಲವು ಮೆದುಳಿನ ಒಂದು ಪಕ್ಕದಲ್ಲಿದ್ದರೆ ಕುರಿಯು ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಸಾಮಾನ್ಯವಾಗಿ ಆ ಪಕ್ಕದ ಕಡೆಗೇ ಸುತ್ತುವುದು. ಎದುರು ಪಕ್ಕದ ಕಣ್ಣು ಮಂದವಾಗುವುದು. ಮುಂಭಾಗದಲ್ಲಿದ್ದರೆ ನೆಟ್ಟಗೆ ಮುಂದಕ್ಕೆ ನಡೆದು ಗೋಡೆಗೋ ಬೇಲಿಗೋ ತಲೆಯೂರಿ ನಿಲ್ಲುವುದು. ಹಿಂಭಾಗದ ಕಿರುಮೆದುಳಿನಲ್ಲಿದ್ದರೆ ಕುಡಿದವನಂತೆ ತೂರಾಡಿ, ಬಿದ್ದರೆ ಏಳಲಾರದೆ ಹೋಗುವುದು. ಬೆನ್ನುಹುರಿಯಲ್ಲಿದ್ದರೆ ಸುತ್ತುವಿಕೆಯಿಲ್ಲದೆ ಹಿಂಗಾಲುಗಳು ಬಲಗುಂದುವುವು. ಚೀಲವು ತಲೆಬುರುಡೆಯ ಹತ್ತಿರವಿದ್ದಲ್ಲಿ ಅದರ ಮೇಲಿನ ಮೂಳೆಯು ಕ್ರಮೇಣ ತೆಳುವಾಗಿ, ಹೆಬ್ಬೆರಳಿನಿಂದ ಒತ್ತಿದರೆ ತಗ್ಗುವಷ್ಟು ಮೆತ್ತಗಾಗುವುದು. ಕೊನೆಗೆ ಮೇವು ನೀರುಗಳನ್ನು ಬಿಟ್ಟು ಪ್ರಾಣಿಯು ಸಾಯುವುದು. ಚಿಕಿತ್ಸೆಯಿಲ್ಲದೆ ಬದುಕುವುದು ಅಪರೂಪ.

ಇದೇ ರೀತಿ ತೋರುವ ಬೇರೆ ರೋಗಗಳು

ಸುತ್ತುವ ಕುರಿಗಳೆಲ್ಲಕ್ಕೂ ಈ ರೋಗವೇ ಇದೆಯೆಂದು ನಿಶ್ಚಯಿಸಲಾಗದು. ಮೂಗಿನಲ್ಲಿ ನೊಣದ ಹುಳುಗಳು ಸೇರಿದ್ದರೆ ಕುರಿಯು ತಲೆ ಒದರುವುದೂ ತೂರಾಡುವುದೂ ಉಂಟು. ಆದರೆ ಅದರೊಡನೆ ಸೀನು ಮತ್ತು ಮೂಗಿನ ಸೋರಿಕೆ ಇರುವುವು. ಲಿಸ್ಟೀರಿಯ ಎಂಬ ರೋಗಾಣುವಿನಿಂದಲೂ ಸುತ್ತುವಿಕೆ ಬರುವುದು. ಅದರಲ್ಲಿ ಜ್ವರವಿದ್ದು, ಮುಖದ ಒಂದು ಪಕ್ಕದ ಕಿವಿಯೂ ರೆಪ್ಪೆಯೂ ಜೋತು, ಬಾಯಿಂದ ಜೊಲ್ಲು ಸುರಿಯುವುದು, ಮತ್ತು ಕೆಲವೇ ದಿನಗಳಲ್ಲಿ ಪ್ರಾಣಿಯು ಸಾಯುವುದು. ಧಾನ್ಯವನ್ನು ಒಮ್ಮೆಲೇ ಅಧಿಕವಾಗಿ ತಿಂದ ಕುರಿಗಳಲ್ಲಿ ಒಂದು ಜೀವಸತ್ವದ ಕೊರತೆಯುಂಟಾಗಿ ಕುರುಡುತನವೂ ಸೆಳವೂ ತೋರುವುವು. ಪಶುವೈದ್ಯನು ಬೇಗನೆ ಕಂಡರೆ ಅದನ್ನು ವಾಸಿಮಾಡಬಹುದು. ಹುಚ್ಚುನಾಯಿ ಕಡಿದ ಕುರಿಯೂ ವಿಪರೀತವಾಗಿ ವರ್ತಿಸುವುದು. ಆದುದರಿಂದ ಜೊಲ್ಲು ಸುರಿಸುವ, ಕೂಗಾಡುವ, ಮೇಲೆ ಬೀಳುವ ಪ್ರಾಣಿಯ ಬಾಯಿಗೆ ಯಾರೂ ಕೈಯಿಡಕೂಡದು. ಅದನ್ನು ಬೇರೆ ಕಟ್ಟಿ ಕೂಡಲೇ ಪಶುವೈದ್ಯನಿಗೆ ತಿಳಿಸತಕ್ಕದ್ದು.

ಚಿಕಿತ್ಸೆ

ಚೀಲವು ಬೆಳೆದ ಬಳಿಕ ಅದನ್ನು ನಂಬಿಕೆಯಿಂದ ಕರಗಿಸತಕ್ಕ ಔಷಧವಿಲ್ಲ. ತಲೆಗೆ ಬರೆ ಹಾಕುವುದರಿಂದ ಪ್ರಾಣಿಗೆ ಹಿಂಸೆಯಾಗುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಕಾದ ಕಬ್ಬಿಣವು ಚರ್ಮವನ್ನು ಸುಡುವುದೇ ಹೊರತು ಬುರುಡೆಯೊಳಗಿನ ಚೀಲವನ್ನು ಮುಟ್ಟಲಾರದು. ಮೆತ್ತಗಾದ ಜಾಗವನ್ನು ಚಾಕುವಿನಿಂದ ಚುಚ್ಚುವುದು ಇನ್ನೂ ಅಪಾಯಕರ. ಶಸ್ತ್ರಚಿಕಿತ್ಸೆಯೊಂದೇ ಉಪಾಯ. ಪಶುವೈದ್ಯನು ಪ್ರಾಣಿಯು ಸುತ್ತುವ ಕಡೆ, ಮಂದವಾದ ಕಣ್ಣು, ಮೆತ್ತಗಾದ ಮೂಳೆ ಇವುಗಳಿಂದ ಚೀಲದ ಸ್ಥಾನವನ್ನು ಗೊತ್ತುಮಾಡಿ, ಅರಿವಳಿಕೆ ಕೊಟ್ಟು, ಬುರುಡೆಯಲ್ಲಿ ಸಣ್ಣ ರಂಧ್ರವನ್ನು ಮಾಡಿ, ನೀರನ್ನು ಸೆಳೆದು ಪೊರೆಯನ್ನು ಹೊರತೆಗೆಯುವನು. ಚೀಲವು ಒಂದೇ ಆಗಿದ್ದು ಮೇಲ್ಭಾಗದಲ್ಲಿದ್ದರೆ ಪ್ರಾಣಿಯು ಚೇತರಿಸಿಕೊಳ್ಳುವ ಸಂಭವವು ಚೆನ್ನಾಗಿದೆ. ಬೆಲೆಯುಳ್ಳ ಬೀಜದ ಟಗರಿಗೋ ಒಳ್ಳೆಯ ತಳಿಯ ಹೆಣ್ಣು ಮರಿಗೋ ಈ ವೆಚ್ಚವು ತಕ್ಕದ್ದಾಗಬಹುದು. ಮಂದೆಗೆಲ್ಲ ಇದು ದಾರಿಯಲ್ಲ. ಮಂದೆಯನ್ನು ಉಳಿಸತಕ್ಕದ್ದು ನಿವಾರಣೆಯೇ.

ನಿವಾರಣೋಪಾಯಗಳು

ಎಲ್ಲಕ್ಕಿಂತ ಮೊದಲನೆಯದು, ಕುರಿ ಮೇಕೆಗಳ ತಲೆಯೂ ಬೆನ್ನುಮೂಳೆಯೂ ಹಸಿಯಾಗಿ ನಾಯಿಯ ಬಾಯಿಗೆ ಬೀಳದಂತೆ ನೋಡಿಕೊಳ್ಳುವುದು. ಸತ್ತ ಪ್ರಾಣಿಯನ್ನು ಹಳ್ಳಕ್ಕೋ ಬೇಲಿಯ ಮರೆಗೋ ಎಸೆಯುವ ಪದ್ಧತಿಯು ರೋಗವನ್ನು ಕೈಯಾರೆ ಬಿತ್ತುವುದಕ್ಕೆ ಸಮಾನ. ಅದನ್ನು ಸುಡಬೇಕು, ಇಲ್ಲವೇ ನಾಲ್ಕು ಅಡಿಗೆ ಕಡಮೆಯಿಲ್ಲದ ಗುಂಡಿಯಲ್ಲಿ ಹೂಳಿ, ಸುಣ್ಣ ಹರಡಿ, ಮೇಲೆ ಕಲ್ಲು ಮತ್ತು ಜಾಲಿಯ ಮುಳ್ಳುಗಳನ್ನು ಹೇರಬೇಕು. ನರಿ ತೋಳಗಳ ಕರುಳಿನಲ್ಲಿಯೂ ಈ ಹುಳುವು ಬೆಳೆಯಬಲ್ಲುದಾದುದರಿಂದ ಅವು ಕೆದಕದಂತೆ ಎಚ್ಚರಿಕೆ ಅಗತ್ಯ. ತಲೆಯನ್ನು ನಾಯಿಗೆ ಹಾಕಲೇಬೇಕೆಂದಿದ್ದರೆ ಒಡೆದು, ಚೆನ್ನಾಗಿ ಬೇಯಿಸಿ ಹಾಕತಕ್ಕದ್ದು. ಕುದಿಯುವ ನೀರಿನಲ್ಲಿ ಪೂರ್ತಿಯಾಗಿ ಬೆಂದ ಹುಳುವು ಬದುಕುವುದಿಲ್ಲ.

ಎರಡನೆಯದು, ನಾಯಿಗಳಿಗೆ ಕ್ರಮವಾಗಿ ಔಷಧವನ್ನು ಕೊಡುವುದು. ಹಿಂದಿನ ಕಾಲದಲ್ಲಿ ಮಲೆನಾಡಿಗರಿಗೆ ಪರಿಚಿತವಾದ ಅಡಿಕೆಯಿಂದಲೇ ತೆಗೆಯುವ ಅರಿಕೋಲೀನ್ ಎಂಬ ಸತ್ವವನ್ನು ಅನೇಕ ದೇಶಗಳಲ್ಲಿ ನಾಯಿಗಳ ಲಾಡಿಹುಳುವಿಗೆ ಕೊಡುತ್ತಿದ್ದರು. ಅದು ಕಟುವಾದ ಭೇದಿಯನ್ನುಂಟುಮಾಡುತ್ತಿತ್ತು. ೧೯೭೦ರ ದಶಕದ ಈಚೆಗೆ ಬಂದ ಪ್ರಾಜಿಕ್ವಾಂಟೆಲ್ ಎಂಬ ಔಷಧವು ಹೆಚ್ಚು ಸೌಮ್ಯವೂ ಹೆಚ್ಚು ಫಲಕಾರಿಯೂ ಆಗಿದೆ. ನಾಯಿಯ ತೂಕದ ಒಂದು ಕಿಲೋಗ್ರಾಮಿಗೆ ೫ ಮಿಲಿಗ್ರಾಂ ಪ್ರಮಾಣ. ಎಂದರೆ ೨೦ ಕಿಲೋಗ್ರಾಂ ತೂಗುವ ನಾಯಿಗೆ ೧೦೦ ಮಿಲಿಗ್ರಾಂ. ಹುಳುವು ಬಲಿಯಲು ಸುಮಾರು ಆರು ವಾರಗಳು ಹಿಡಿಯುವುದರಿಂದ, ರೋಗವಿರುವ ಮಂದೆಗಳ ನಾಯಿಗಳಿಗೆ ಆರು ವಾರಗಳಿಗೊಮ್ಮೆ ಕೊಡುವುದು ಉತ್ತಮ. ಅದು ಆಗದಿದ್ದಲ್ಲಿ ಮೂರು ತಿಂಗಳಿಗೊಮ್ಮೆಯಾದರೂ, ವಿಶೇಷವಾಗಿ ಮುಂಗಾರಿಗೆ ಮುಂಚೆ, ತಪ್ಪದೆ ಕೊಡಬೇಕು. ಔಷಧವು ಹುಳುವನ್ನು ಕೊಲ್ಲುವುದೇ ಹೊರತು ತತ್ತಿಗಳನ್ನಲ್ಲ. ಆದಕಾರಣ ಔಷಧ ಕೊಟ್ಟ ಮೇಲೆ ಎರಡು ದಿನ ನಾಯಿಯನ್ನು ಕಟ್ಟಿಹಾಕಿ ಅದರ ಮಲವನ್ನು ಸುಡುವುದು ಅಥವಾ ಆಳವಾಗಿ ಹೂಳುವುದು ಅವಶ್ಯ. ಪ್ರಮಾಣವನ್ನು ಪಶುವೈದ್ಯನಿಂದಲೇ ಗೊತ್ತುಮಾಡಿಸಿಕೊಳ್ಳುವುದು ಕ್ಷೇಮ.

ಮೂರನೆಯದು, ಮರಿಗಳ ಮೇವು. ಮಳೆಗಾಲದಲ್ಲಿ ನಾಯಿಗಳು ಹೆಚ್ಚಾಗಿ ತಿರುಗುವ ಊರಂಚಿನ ಹಸಿರು, ಹಟ್ಟಿಯ ಸುತ್ತಣ ಹುಲ್ಲು, ಕಟುಕರ ಅಂಗಡಿಯ ಬಳಿಯ ಬಯಲು, ನಿಂತ ನೀರಿನ ಗುಂಡಿಗಳು ಇವು ಎಳೆಯ ಮರಿಗಳಿಗೆ ತಕ್ಕ ಸ್ಥಳಗಳಲ್ಲ. ಮೇವಿನ ಬಣವೆಯ ಮೇಲೆ ನಾಯಿಗಳು ಮಲಗದಂತೆಯೂ ನೋಡಿಕೊಳ್ಳಬೇಕು.

ಮನುಷ್ಯರಿಗೆ ಭಯವುಂಟೆ

ತಲೆಮಾಂಸವನ್ನು ತಿನ್ನುವುದರಿಂದ ಈ ರೋಗವು ಮನುಷ್ಯನಿಗೆ ಬರುವುದೆಂಬ ಭಯವು ಕೆಲವರಲ್ಲಿದೆ. ಅದು ಸರಿಯಲ್ಲ. ಚೀಲದಿಂದ ಹುಳುವು ಬೆಳೆಯುವುದು ನಾಯಿಯ ಮತ್ತು ಅದರ ಜಾತಿಯ ಪ್ರಾಣಿಗಳ ಕರುಳಿನಲ್ಲಿ. ಮನುಷ್ಯನಿಗೆ ಅಪಾಯವಿರುವುದು ನಾಯಿಯ ಮಲದ ತತ್ತಿಗಳಿಂದ. ನಾಯಿಯೊಡನೆ ಆಡಿ ಕೈ ತೊಳೆಯದೆ ಉಣ್ಣುವ ಮಕ್ಕಳಿಗೆ, ಅಪರೂಪವಾಗಿಯಾದರೂ, ಮೆದುಳಿನಲ್ಲಿಯೋ ಕಣ್ಣಿನಲ್ಲಿಯೋ ಇಂತಹ ಚೀಲವು ಬೆಳೆದ ನಿದರ್ಶನಗಳಿವೆ. ಇದಕ್ಕಿಂತ ಹೆಚ್ಚಾಗಿ ಕಾಣುವ ಹೈಡಾಟಿಡ್ ಎಂಬ ಮತ್ತೊಂದು ರೋಗದಲ್ಲಿ ಯಕೃತ್ತು ಶ್ವಾಸಕೋಶಗಳಲ್ಲಿ ನೀರಿನ ಗಡ್ಡೆಗಳಾಗುವುವು. ಅದೂ ನಾಯಿಯ ಬೇರೊಂದು ಲಾಡಿಹುಳುವಿನಿಂದಲೇ ಬರತಕ್ಕದ್ದು. ಕಡಿದ ಕುರಿಯ ಒಳಾಂಗಗಳನ್ನು ನಾಯಿಗೆ ಹಾಕುವುದೇ ಅದಕ್ಕೂ ಮೂಲ. ಆದುದರಿಂದ ಮಂದೆಗಾಗಿ ಮಾಡಿದ ಎಚ್ಚರಿಕೆಯು ಮನೆಯ ಮಕ್ಕಳಿಗೂ ರಕ್ಷೆಯಾಗುವುದು.

ಐಸ್ಲೆಂಡ್ ದ್ವೀಪದ ನಿದರ್ಶನ

ಇಂತಹ ಕಾರ್ಯವು ಸಾಧ್ಯವೇ ಎಂದು ಸಂದೇಹಿಸುವವರಿಗೆ, ಕುರಿ ಸಾಕಣೆಯನ್ನೇ ಮುಖ್ಯವಾಗಿ ನಂಬಿದ್ದ ಐಸ್ಲೆಂಡ್ ದ್ವೀಪದ ಕಥೆಯು ಉತ್ತರವಾಗಿದೆ. ಅಲ್ಲಿ ಹೈಡಾಟಿಡ್ ರೋಗವು ಜನರಲ್ಲಿಯೂ ಕುರಿಗಳಲ್ಲಿಯೂ ಬಹಳವಾಗಿ ಹರಡಿತ್ತು. ೧೮೬೩ರಲ್ಲಿ ಡೆನ್ಮಾರ್ಕಿನ ಕ್ರಾಬ್ಬೆ ಎಂಬ ವಿದ್ವಾಂಸನು ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ ರೋಗದ ದಾರಿಯನ್ನು ತಿಳಿದನು. ಬಳಿಕ ಆ ನಾಡಿನ ಭಾಷೆಯಲ್ಲಿಯೇ ಒಂದು ಚಿಕ್ಕ ಪುಸ್ತಕವನ್ನು ಅಚ್ಚುಹಾಕಿಸಿ ಮನೆಮನೆಗೂ ಹಂಚಲಾಯಿತು. ಕುರಿಯ ಒಳಾಂಗಗಳನ್ನು ನಾಯಿಗೆ ಹಾಕದೆ ಹೂಳಬೇಕೆಂದೂ ನಾಯಿಗಳಿಗೆ ಔಷಧ ಕೊಡಬೇಕೆಂದೂ ಕಟ್ಟಳೆಗಳಾದುವು. ಆಗ ಇಂದಿನಷ್ಟು ಒಳ್ಳೆಯ ಔಷಧಗಳಿರಲಿಲ್ಲ. ಆದರೂ ಜನರು ಓದಿದರು, ಓದಿದುದನ್ನು ನಡೆಸಿದರು. ಕುರಿ ಕಡಿಯುವ ಪದ್ಧತಿಯೂ ಕ್ರಮೇಣ ಸುಧಾರಿಸಿತು. ಮುಂದಿನ ದಶಕಗಳಲ್ಲಿ ರೋಗವು ಇಳಿಮುಖವಾಗಿ, ಕೊನೆಗೆ ಆ ದ್ವೀಪದಿಂದಲೇ ಮಾಯವಾಯಿತು. ರೋಗವು ಬೇರೆಯಾದರೂ ದಾರಿಯು ಒಂದೇ. ದಾರಿಯನ್ನು ಮುಚ್ಚಿದ ಉಪಾಯವೂ ಒಂದೇ.

ಗ್ರಾಮಮುಖಂಡರ ಮತ್ತು ಜಮೀನುದಾರರ ಕರ್ತವ್ಯ

ಒಬ್ಬ ಕುರಿಗಾರನು ಎಷ್ಟೇ ಎಚ್ಚರದಿಂದಿದ್ದರೂ ಪಕ್ಕದ ಹಟ್ಟಿಯ ನಾಯಿಯು ಅವನ ಹುಲ್ಲನ್ನು ಕೆಡಿಸಬಲ್ಲುದು. ಆದಕಾರಣ ಇದು ಊರು ಒಟ್ಟಾಗಿ ಮಾಡತಕ್ಕ ಕೆಲಸ. ಹೊಲದಲ್ಲಿ ಮಂದೆಯನ್ನು ನಿಲ್ಲಿಸಿಕೊಳ್ಳುವ ಜಮೀನುದಾರರಿಗೆ ಇದರಲ್ಲಿ ವಿಶೇಷವಾದ ಅವಕಾಶವಿದೆ. ಮಂದೆಯ ದರವನ್ನು ಮಾತಾಡುವಾಗಲೇ, ಜೊತೆಯ ನಾಯಿಗಳಿಗೆ ಔಷಧವಾಗಿದೆಯೇ ಎಂದು ಕೇಳುವುದೂ, ಆಗದಿದ್ದಲ್ಲಿ ತಾವೇ ಕೊಡಿಸುವುದೂ ದೊಡ್ಡ ಖರ್ಚಿನ ಮಾತಲ್ಲ. ಸತ್ತ ಕುರಿಯನ್ನು ಹೂಳಲು ಹೊಲದ ಮೂಲೆಯಲ್ಲಿ ಒಂದು ಗುಂಡಿಗೆ ಜಾಗವನ್ನು ಕೊಟ್ಟರೆ, ಊರೂರು ತಿರುಗುವ ಕುರಿಗಾರನಿಗೆ ಅದೇ ಮಹದುಪಕಾರ. ನೆಲವಿಲ್ಲದವನು ಹೂಳುವುದಾದರೂ ಎಲ್ಲಿ? ಪಂಚಾಯಿತಿಯವರು ಕಟುಕರ ಅಂಗಡಿಯ ಮತ್ತು ಜಾತ್ರೆಯ ಬಲಿಸ್ಥಳದ ಕಸಕ್ಕೆ ಮುಚ್ಚುಗುಂಡಿಯನ್ನು ಏರ್ಪಡಿಸಿ, ಪಶುವೈದ್ಯಶಾಲೆಯ ಸಹಾಯದಿಂದ ಊರ ನಾಯಿಗಳಿಗೆಲ್ಲ ಒಂದೇ ದಿನ ಔಷಧವನ್ನು ಕೊಡಿಸಬಹುದು.

ಗ್ರಾಮಸಭೆಯಲ್ಲಿ ಓದಿ ಹೇಳತಕ್ಕ ಅಂಶಗಳು

೧. ಸುತ್ತುವ ಕುರಿಯ ಮೆದುಳಿನಲ್ಲಿ ಹುಳುವಿನ ಚೀಲವಿದೆ. ಅದು ನಾಯಿಯ ಮಲದ ಮೂಲಕ ಬಂದುದು.

೨. ಕುರಿ ಮೇಕೆಗಳ ಹಸಿಯ ತಲೆ, ಬೆನ್ನುಮೂಳೆ, ಒಳಾಂಗಗಳನ್ನು ನಾಯಿಗೆ ಹಾಕಕೂಡದು.

೩. ಸತ್ತ ಪ್ರಾಣಿಯನ್ನು ಸುಡಬೇಕು ಅಥವಾ ಆಳವಾಗಿ ಹೂಳಬೇಕು.

೪. ಮಂದೆಯ ನಾಯಿಗಳಿಗೂ ಊರ ನಾಯಿಗಳಿಗೂ ಲಾಡಿಹುಳುವಿನ ಔಷಧವನ್ನು ಕ್ರಮವಾಗಿ ಕೊಡಿಸಿ, ಎರಡು ದಿನ ಕಟ್ಟಿಹಾಕಬೇಕು.

೫. ತಲೆಗೆ ಬರೆ ಹಾಕಕೂಡದು. ಲಕ್ಷಣ ಕಂಡೊಡನೆ ಪಶುವೈದ್ಯನಿಗೆ ತೋರಿಸಬೇಕು.

೬. ನಾಯಿಯನ್ನು ಮುಟ್ಟಿದ ಮೇಲೆ ಕೈ ತೊಳೆಯದೆ ಉಣ್ಣಕೂಡದು.

ಈ ಕ್ರಮಗಳ ಫಲವು ಮೊದಲನೆಯ ವರ್ಷದಲ್ಲಿ ಕಾಣದಿದ್ದರೆ ಯಾರೂ ಬೇಸರಪಡಬಾರದು. ಈ ವರ್ಷ ಸುತ್ತುವ ಮರಿಗಳು ಕಳೆದ ವರ್ಷದ ಅಜಾಗರೂಕತೆಯ ಫಲ. ಈ ಯುಗಾದಿಯಿಂದ ಹೂಳಿದ ತಲೆಗಳ ಲಾಭವು ಮುಂದಿನ ಸಂಕ್ರಾಂತಿಯ ಬಳಿಕ ಮಂದೆಯನ್ನು ಎಣಿಸುವಾಗ ತಿಳಿದುಬರುವುದು.